ಬೀಗ ಹಾಕಿಟ್ಟ ಎರಡನೇ ಮನೆಗೂ ಟ್ಯಾಕ್ಸಾ? ಆ ಮೆಸೇಜ್ ಹಳೇದು

"ರಿಟೈರ್ ಆದಮೇಲೆ ಇರೋಣ ಅಂತ ಊರಲ್ಲಿ ಎರಡನೇ ಮನೆ ಕಟ್ಟಿದರೆ, ಬೀಗ ಹಾಕಿಟ್ಟರೂ ಬಾಡಿಗೆ ಬಂತು ಅಂತ ಲೆಕ್ಕ ಹಿಡಿದು ಇನ್‌ಕಮ್ ಟ್ಯಾಕ್ಸ್ ಹಾಕ್ತಾರೆ" ಅನ್ನೋ ಮೆಸೇಜ್ ಫ್ಯಾಮಿಲಿ ಗ್ರೂಪ್‌ಗಳಲ್ಲಿ ಸುತ್ತುತ್ತಿದೆ. ಇದು ತಪ್ಪು.

ಮೊದಲು ಹಾಗೇ ಇತ್ತು, ನಿಜ. ಆದರೆ 2019ರ ಬಜೆಟ್‌ನಲ್ಲಿ ನಿಯಮ ಬದಲಾಯಿತು. 2019-20ರಿಂದ ಎರಡು ಮನೆಗಳನ್ನು ಸ್ವಂತ ವಾಸದ್ದು ಎಂದು ತೋರಿಸಬಹುದು, ಎರಡರ ಬಾಡಿಗೆ ಲೆಕ್ಕವೂ ಸೊನ್ನೆ. ಕೆಲಸದ ಮೇಲೆ ಬೇರೆ ಊರಲ್ಲಿರುವುದರಿಂದ ಮನೆ ಖಾಲಿ ಇದೆ ಎಂಬಂಥ ಕಾರಣ ಕೊಡಬೇಕಿತ್ತು, 2025ರ ಬಜೆಟ್ ಆ ಷರತ್ತನ್ನೂ ತೆಗೆದುಹಾಕಿತು. ಬೆಂಗಳೂರಲ್ಲಿ ಒಂದು ಫ್ಲ್ಯಾಟ್, ತೀರ್ಥಹಳ್ಳಿಯಲ್ಲಿ ಒಂದು ಹೆಂಚಿನ ಮನೆ ಇದ್ದರೆ ತಲೆಬಿಸಿ ಬೇಡ. ವರ್ಷದಲ್ಲಿ ಕೆಲವೇ ತಿಂಗಳು ಬಾಡಿಗೆಗೆ ಕೊಟ್ಟರೂ ಮಾತ್ರ ಈ ವಿನಾಯಿತಿ ಇಲ್ಲ. ಮೂರನೇ ಮನೆ ಇದ್ದವರಿಗೆ ಖಾಲಿ ಬಿಟ್ಟರೂ ಬಾಡಿಗೆ ಲೆಕ್ಕ ಬರುತ್ತದೆ, ಅಂಥವರು ಆಡಿಟರ್ ಹತ್ತಿರ ಹೋಗುವವರೇ ಬಿಡಿ.

ನಿಜವಾಗಿ ಯೋಚಿಸಬೇಕಾದ್ದು ಸಾಲದ ಬಡ್ಡಿ. ಹಳೇ ತೆರಿಗೆ ಪದ್ಧತಿಯಲ್ಲಿ ಎರಡೂ ಮನೆ ಸೇರಿ ವರ್ಷಕ್ಕೆ ಹೆಚ್ಚೆಂದರೆ 2 ಲಕ್ಷ ರೂಪಾಯಿ ಬಡ್ಡಿಯನ್ನು ತೆರಿಗೆ ಲೆಕ್ಕದ ಆದಾಯದಿಂದ ಕಳೆಯಬಹುದು, ಮನೆಗೆ 2 ಲಕ್ಷದಂತೆ ಅಲ್ಲ. ಹೊಸ ಪದ್ಧತಿಯಲ್ಲಿ ಸ್ವಂತ ವಾಸದ ಮನೆಗೆ ಅದೂ ಇಲ್ಲ. ಜೊತೆಗೆ ಪಂಚಾಯಿತಿ ಕಂದಾಯ ಕಟ್ಟಲೇಬೇಕು. ಮಲೆನಾಡಲ್ಲಿ ಒಂದು ಮಳೆಗಾಲ ಬಾಗಿಲು ತೆಗೆಯದಿದ್ದರೆ ಚೌಕಟ್ಟಿಗೆ ಗೆದ್ದಲು, ಗೋಡೆಗೆ ಬೂಸಲು. ಆ ಖರ್ಚು ಯಾವ ಮೆಸೇಜಲ್ಲೂ ಇರಲ್ಲ ನೋಡಿ.

ಮನೆ ಕಟ್ಟೋದು ಬಿಡೋದು ನಿಮಗೆ ಬಿಟ್ಟಿದ್ದು. ಆ ಮೆಸೇಜನ್ನು ಮಾತ್ರ ದಯವಿಟ್ಟು ಫಾರ್ವರ್ಡ್ ಮಾಡಬೇಡಿ, ಕಳಿಸಿದವರಿಗೆ ಇದನ್ನು ಕಳಿಸಿ.