‘ನೆನಪಿದೆಯಾ?’ ಎಂದು ಕೇಳುವುದನ್ನು ಬಿಡಿ

ಮಿದುಳಿಗೆ ಪೆಟ್ಟಾದವರ ಮಂಚದ ಸುತ್ತ ನಮ್ಮ ಕಡೆ ದಿನವಿಡೀ ಪ್ರಶ್ನೋತ್ತರ ನಡೆಯುತ್ತದೆ. ‘ನಾನ್ಯಾರು ಹೇಳು? ಬೆಳಿಗ್ಗೆ ಯಾರು ಬಂದಿದ್ರು ಹೇಳು?’ ಕೇಳುವುದು ಪ್ರೀತಿಯಿಂದಲೇ, ಆದರೆ ಹೀಗೆ ನೆನಪು ಬಲಿಯುವುದಿಲ್ಲ. ಹೊರನಾಡಿನಲ್ಲಿ ನಾನಿರುವ ಕಡೆ ರೂಢಿಯಲ್ಲಿರುವುದು ತಪ್ಪಿಗೆ ಎಡೆಗೊಡದ ಕಲಿಕೆ: ಊಹಿಸಲು ಬಿಡದೆ ಸರಿಯಾದದ್ದನ್ನು ಮೊದಲೇ ಹೇಳಿಕೊಡುವುದು. ನನ್ನ ಮತ ಅದಕ್ಕೇ.

ಕಾರಣವಿದೆ. ನೆನಪಿನ ಶಕ್ತಿ ತೀವ್ರವಾಗಿ ಕುಂದಿದರೂ ಕೈ ರೂಢಿ ಎಷ್ಟೋ ಉಳಿದಿರುತ್ತದೆ. ಊಹಿಸಿ ಹೇಳಿದ ತಪ್ಪು ಉತ್ತರ ರೂಢಿಯಾಗಿ ಕೂರುತ್ತದೆ, ಅದು ತಪ್ಪೆಂದು ತಿದ್ದಿದ್ದು ಮಾತ್ರ ಮರೆತುಹೋಗುತ್ತದೆ. ಮನೋವಿಜ್ಞಾನಿಗಳಾದ ಬ್ಯಾಡ್ಲಿ ಮತ್ತು ವಿಲ್ಸನ್ ಇದನ್ನು 1994ರಲ್ಲೇ ತೋರಿಸಿದರು.

ಗಾಲಿಕುರ್ಚಿಯಿಂದ ಮಂಚಕ್ಕೆ ದಾಟುವುದನ್ನೇ ನೋಡಿ. ಬ್ರೇಕ್ ಹಾಕು, ಕಾಲುಹಲಗೆ ಮಡಚು, ಮುಂದೆ ಸರಿದು ಕೂರು, ದಾಟು. ಮೊದಮೊದಲು ಪ್ರತಿ ಹೆಜ್ಜೆಯನ್ನೂ ಹೇಳಿಯೇ ಮಾಡಿಸಬೇಕು. ಆಮೇಲೆ ಕೊನೆಯ ಹೆಜ್ಜೆಯ ಸೂಚನೆ ಬಿಡಿ, ಅದು ಗಟ್ಟಿಯಾದ ಮೇಲೆ ಅದರ ಹಿಂದಿನದು. ತಡವರಿಸಿದರೆ ಕಾಯದೆ ಹೇಳಿಬಿಡಿ. ಹೆಸರೋ ಕೋಣೆಯ ಸಂಖ್ಯೆಯೋ ಆದರೆ ಉತ್ತರ ಹೇಳಿಕೊಟ್ಟು 30 ಸೆಕೆಂಡಿಗೆ ಕೇಳಿ, ಬಳಿಕ 1, 2, 4 ನಿಮಿಷಕ್ಕೆ. ತಪ್ಪಿದರೆ ಸರಿಯುತ್ತರ ಕೊಟ್ಟು ಹಿಂದಿನ ಅಂತರಕ್ಕೆ ಇಳಿಯಿರಿ. ಮಿದುಳು ಬೇಗ ದಣಿಯುವುದರಿಂದ ಒಂದು ಸಲಕ್ಕೆ 20 ನಿಮಿಷ ಸಾಕು. ಪೆಟ್ಟಿನ ನಂತರದ ಗೊಂದಲದ ಅವಧಿಯಲ್ಲಿ, ದಿನ, ಜಾಗ ತಿಳಿಯದಿರುವಾಗ, ಪಾಠವೂ ಬೇಡ, ವಿಸ್ತಾರವಾದ ಪರೀಕ್ಷೆಯೂ ಬೇಡ. ಸದ್ದು ಕಡಿಮೆ ಇದ್ದರೆ ಅದೇ ದೊಡ್ಡ ಉಪಕಾರ.

ಎರಡೂ ಕಡೆ ಎಡವುವುದು ಬೆನ್ನುಹುರಿಯ ಗಾಯದಲ್ಲಿ. ಕತ್ತು ಮುರಿಯುವಂಥ ಹೊಡೆತಕ್ಕೆ ಮಿದುಳೂ ಅಲುಗಿರಬಹುದು. ಸಿಟಿ ಸ್ಕ್ಯಾನ್ ಸರಿ ಬಂದ ಮಾತ್ರಕ್ಕೆ ಅದಿಲ್ಲವೆನ್ನಲಾಗದು. ಹೇಳಿದ್ದು ಮರೆಯುವವನಿಗೆ ‘ಹಟಮಾರಿ’ ಎಂಬ ಹಣೆಪಟ್ಟಿ ಬೀಳುತ್ತದೆ. ಇಲ್ಲಿ ಮರೆವು ಸಣ್ಣ ವಿಷಯವಲ್ಲ. ಸಾಮಾನ್ಯವಾಗಿ 4ರಿಂದ 6 ಗಂಟೆಗೊಮ್ಮೆ ಕ್ಯಾತಿಟರ್ (ಮೂತ್ರ ಹೊರತೆಗೆಯುವ ಕೊಳವೆ) ಹಾಕಿ, ಮೂತ್ರಕೋಶದಲ್ಲಿ ಮೂತ್ರ 500 ಮಿಲಿ ಮೀರದಂತೆ ನೋಡಬೇಕು. ಬೆನ್ನುಹುರಿಯ ಎದೆಭಾಗದ ಆರನೇ ಮಟ್ಟದಲ್ಲಿ ಅಥವಾ ಅದಕ್ಕಿಂತ ಮೇಲೆ ಗಾಯವಿದ್ದವರಲ್ಲಿ ಮೂತ್ರಕೋಶ ತುಂಬಿದರೆ ರಕ್ತದೊತ್ತಡ ಒಮ್ಮೆಲೇ ಏರಿ ತಲೆ ಸಿಡಿಯುತ್ತದೆ. ಕೂಡಲೇ ನೆಟ್ಟಗೆ ಕೂರಿಸಿ, ಬಿಗಿ ಬಟ್ಟೆ ಸಡಿಲಿಸಿ, ಮೂತ್ರ ಕಟ್ಟಿದೆಯೇ ನೋಡಬೇಕು. ಒತ್ತಡ ಇಳಿಯದಿದ್ದರೆ ಅದು ತುರ್ತು ಚಿಕಿತ್ಸೆಯ ವಿಷಯ. ಹಾಗಾಗಿ ಕ್ಯಾತಿಟರ್ ಹೊತ್ತಿಗೆ ಫೋನಿನ ಅಲಾರಂ ಬರೀ ಬಡಿದುಕೊಂಡರೆ ಸಾಲದು, ಏನು ಮಾಡಬೇಕೆಂದು ಅದರ ಪರದೆಯ ಮೇಲೆ ಬರೆದಿರಬೇಕು.

ಖಿನ್ನತೆಯ ಪ್ರಶ್ನಾವಳಿಯನ್ನೂ ಇವರಲ್ಲಿ ಕಣ್ಣುಮುಚ್ಚಿ ನಂಬಬಾರದು. ನಿದ್ದೆಗೇಡು, ಸುಸ್ತು, ತೂಕ ಇಳಿದದ್ದು ಗಾಯದಿಂದಲೂ ಇರಬಹುದು.

ನಮ್ಮ ಕಡೆಯ ಕ್ರಮಕ್ಕೊಂದು ಬಲವಿದೆ: ಮನೆಯವರು ಜೊತೆಗಿರುತ್ತಾರೆ, ದಾಟುವ ಪ್ರತಿ ಸಲವೂ ಅಭ್ಯಾಸವಾಗಬಹುದು. ನಾನಿರುವ ಕಡೆ ಚಿಕಿತ್ಸಕರು ಹೊರಟ ಮೇಲೆ ಫೋನೇ ಗತಿ. ಆದರೆ ಅಮ್ಮ ಒಂದು ಕ್ರಮ, ತಮ್ಮ ಇನ್ನೊಂದು ಕ್ರಮ ಹೇಳಿಕೊಟ್ಟರೆ ಆ ಬಲವೆಲ್ಲ ವ್ಯರ್ಥ. ನಾಲ್ಕೇ ಸಾಲು ಬರೆದು ಕುರ್ಚಿಯ ಕೈಗೆ ಕಟ್ಟಿ. ಯಾರೇ ಹೇಳಿಕೊಡಲಿ, ಅದನ್ನೇ ಓದಲಿ.