ಸ್ಪಷ್ಟನೆ: ಸ್ಲ್ಯಾಬ್ ಎತ್ತಲು ಉಳಿದ ಕಂಬಿಯ ಕೊಕ್ಕೆ ಸಾಕೇ?

ಕುಂಬಳೆ, ಉಪ್ಪಳ ಕಡೆಯ ಕಟ್ಟಡ ಕೆಲಸದವರ ವಾಟ್ಸಾಪ್‌ನಲ್ಲಿ ಒಂದು ಮಾತು ಓಡಾಡುತ್ತಿದೆ: "ಪ್ರೀಕಾಸ್ಟ್ ಸ್ಲ್ಯಾಬಿಗೆ ಲಿಫ್ಟಿಂಗ್ ಆಂಕರ್ ಸುಮ್ನೆ ದಂಡ. ಉಳಿದ ಟಿಎಂಟಿ ಕಂಬಿ ಬಗ್ಗಿಸಿ ಹುಗಿದರೆ ಅಷ್ಟೇ ಭಾರ ಎತ್ತುತ್ತದೆ."

ಪ್ರೀಕಾಸ್ಟ್ ಅಂದರೆ ಮೊದಲೇ ಅಚ್ಚಿನಲ್ಲಿ ಎರೆದದ್ದು; ಲಿಫ್ಟಿಂಗ್ ಆಂಕರ್ ಅಂದರೆ ಅದನ್ನು ಎತ್ತಲೆಂದೇ ಕಾಂಕ್ರೀಟಿನಲ್ಲಿ ಹುಗಿಯುವ ಉಕ್ಕಿನ ಭಾಗ. ಆ ಮಾತು ಸರಿಯಲ್ಲ. ಬಿಗಿಯಾಗಿ ಬಗ್ಗಿಸಿದ ಜಾಗದಲ್ಲಿ ಟಿಎಂಟಿ ಬಿರುಕು ಬಿಡಬಹುದು. ಕ್ರೇನಿನ ಜರ್ಕಿಗೆ ಫಕ್ಕನೆ ತುಂಡಾಗಲೂಬಹುದು.

ಹಾಗಂತ ಆಂಕರ್ ತಂದರೆ ಎಲ್ಲ ಮುಗಿಯಲಿಲ್ಲ. ಕಾಂಕ್ರೀಟ್ ಇನ್ನೂ ಹಸಿಯಿದ್ದರೆ, ಅಥವಾ ಆಂಕರ್ ಅಂಚಿಗೆ ತೀರಾ ಹತ್ತಿರವಿದ್ದರೆ, ಉಕ್ಕು ಗಟ್ಟಿಯಿದ್ದೂ ಸುತ್ತಲಿನ ಕಾಂಕ್ರೀಟೇ ಕಿತ್ತು ಬರುತ್ತದೆ. "ನಾಳೆಯೇ ಲಾರಿ ಬರ್ತದೆ" ಎಂಬ ಅವಸರ ಕೈ ಕೊಡುವುದು ಇಲ್ಲೇ, ಅಲ್ವಾ?

ಕಂಬಿ ಹಾಕಿದ ಕಾಂಕ್ರೀಟ್ ಘನ ಮೀಟರಿಗೆ ಸುಮಾರು 2.5 ಟನ್ ತೂಗುತ್ತದೆ. 2 ಮೀಟರ್ ಉದ್ದ, 1 ಮೀಟರ್ ಅಗಲ, 15 ಸೆಂಟಿಮೀಟರ್ ದಪ್ಪದ ಸ್ಲ್ಯಾಬ್ ಅಂದರೆ 750 ಕಿಲೋ. ಅಚ್ಚಿಗೆ ಅಂಟಿಕೊಂಡಿದ್ದರೆ ಎಳೆತ ಇನ್ನೂ ಜಾಸ್ತಿ. ಸ್ಲಿಂಗ್ (ಕ್ರೇನಿನ ಕೊಕ್ಕೆಗೂ ಸ್ಲ್ಯಾಬಿಗೂ ನಡುವಿನ ಹಗ್ಗ ಅಥವಾ ಸರಪಳಿ) ನೇರ ನಿಲುವಿನಿಂದ 60 ಡಿಗ್ರಿ ವಾಲಿದರೆ ಅದರ ಎಳೆತ ದುಪ್ಪಟ್ಟು.

ಆಂಕರನ್ನು ಮಂಗಳೂರಿನಿಂದಲೇ ತರಿಸಿ, ಆನ್‌ಲೈನಿನಲ್ಲೇ ತರಿಸಿ, ಟನ್ ಗುರುತು (ಎಷ್ಟು ಭಾರಕ್ಕೆ ಆಗುತ್ತದೆ ಎಂಬುದು), ಉದ್ದ, ಟೆಸ್ಟ್ ಸರ್ಟಿಫಿಕೇಟ್ ನೋಡಿಯೇ ದುಡ್ಡು ಕೊಡಿ. ಎತ್ತುವಾಗ ಕಾಂಕ್ರೀಟಿಗೆ ಎಷ್ಟು ಬಲ ಬಂದಿರಬೇಕೆಂದೂ ಕೇಳಿ. ಆಂಕರಿನ ತಲೆಯನ್ನು ಹಿಡಿದು ಸ್ಲಿಂಗಿಗೆ ಸೇರಿಸುವ ಕ್ಲಚ್ ಕೂಡ ಅದೇ ಟನ್ನಿನದ್ದೇ ಆಗಬೇಕು.