ಫ್ಯಾನ್ ಒಂದರಲ್ಲಿ, ಮೇಲೆ ರಗ್ಗು

ಶಿವರಾತ್ರಿಗೆ ಚಳಿ ‘ಶಿವ ಶಿವಾ’ ಅಂತ ಓಡಿಹೋಗುತ್ತದೆ ಎನ್ನುವುದು ನಮ್ಮ ಕಡೆಯ ಮಾತು. ಬೆಂಗಳೂರಿನ ಚಳಿ ಅಷ್ಟು ದಿನ ಕಾಯುವುದಿಲ್ಲ. ಸಂಕ್ರಾಂತಿಯ ಎಳ್ಳು-ಬೆಲ್ಲದ ಡಬ್ಬಿ ಖಾಲಿಯಾಗುವ ಹೊತ್ತಿಗೇ ಹೊರಡುತ್ತೇನೆ ಅನ್ನುತ್ತದೆ. ಹಾಗಂತ ಹೋಗುವುದೂ ಇಲ್ಲ. ಚಪ್ಪಲಿ ಮೆಟ್ಟಿಕೊಂಡು ಬಾಗಿಲಲ್ಲೇ ಅರ್ಧ ಗಂಟೆ ಮಾತಾಡುವ ನೆಂಟರ ಹಾಗೆ ಫೆಬ್ರುವರಿ ಪೂರ್ತಿ ನಿಂತಿರುತ್ತದೆ. ಬೆಳಗ್ಗೆ ಹಾಲು ತರಲು ಹೋದರೆ ಸ್ವೆಟರ್ ಬೇಕು. ಮಧ್ಯಾಹ್ನ ಅದೇ ಸ್ವೆಟರ್ ಸ್ಕೂಟರಿನ ಡಿಕ್ಕಿಯಲ್ಲಿ.

ರಸ್ತೆಯಲ್ಲಿ ಈಗ ಎಲ್ಲರ ಕಣ್ಣೂ ಮೊಬೈಲೂ ಟಬೂಬಿಯಾ ಮೇಲೆ. ಗುಲಾಬಿ ಬಣ್ಣದ ಹೂವು, ಚೆನ್ನಾಗಿದೆ, ಇಲ್ಲ ಅನ್ನಲ್ಲ. ಅಮೆರಿಕದ ಉಷ್ಣವಲಯದಿಂದ ಬಂದ ಮರ ಅದು. ನನ್ನ ಓಟು ಮಾತ್ರ ನಮ್ಮ ಹೊಂಗೆಗೆ. ಪಾಪ, ಈಗ ಅದರ ಅವತಾರ ನೋಡುವ ಹಾಗಿಲ್ಲ. ಎಲೆಯೆಲ್ಲ ಕಂದುಬಣ್ಣಕ್ಕೆ ತಿರುಗಿ ಉದುರುತ್ತಿದೆ. ಪೌರಕಾರ್ಮಿಕರು ಗುಡಿಸಿ ಗುಡ್ಡೆ ಹಾಕಿ ಬೆನ್ನು ನೆಟ್ಟಗೆ ಮಾಡುವಷ್ಟರಲ್ಲಿ ಮತ್ತೊಂದು ಬುಟ್ಟಿಯಷ್ಟು ಬಿದ್ದಿರುತ್ತದೆ. ಎರಡು ವಾರ ಬಿಟ್ಟು ನೋಡಿ, ಎಣ್ಣೆ ಸವರಿದ ಹಾಗೆ ಹೊಳೆಯುವ ಎಳೆ ಹಸಿರು ಚಿಗುರು. ಅದರ ಫೋಟೋ ಯಾರೂ ತೆಗೆಯುವುದಿಲ್ಲ.

ಅಸಲಿ ಜಗಳ ಇರುವುದು ಮನೆಯೊಳಗೆ, ರಾತ್ರಿ ಮಲಗುವಾಗ. ಫ್ಯಾನ್ ಹಾಕಬೇಕಾ, ಬೇಡವಾ?

ಸುಮ್ನೆ ಸ್ವಿಚ್ ಒತ್ತುವ ಹಾಗೂ ಇಲ್ಲ. ಚಳಿಗಾಲ ಪೂರ್ತಿ ತಿರುಗದ ಫ್ಯಾನ್ ಅದು. ತಲೆಯೆತ್ತಿ ನೋಡಿದರೆ ಪ್ರತಿ ರೆಕ್ಕೆಯ ಒಂದೇ ಅಂಚಿನಲ್ಲಿ ಕಪ್ಪು ಪಟ್ಟಿ. ತಿರುಗುವಾಗ ಗಾಳಿಗೆ ಮೊದಲು ಮುಖ ಕೊಡುವುದು ಆ ಅಂಚೇ, ಹಾಗಾಗಿ ಧೂಳೂ ಅಲ್ಲೇ ಜಾಸ್ತಿ. ಅದರ ಮೇಲೆ ಈ ಮೂರು ತಿಂಗಳದ್ದು ಬೇರೆ. ಹಳೇ ದಿಂಬಿನ ಕವರ್ ಒಳಗೆ ರೆಕ್ಕೆಯನ್ನು ತೂರಿಸಿ, ಮೇಲಿಂದ ಒತ್ತಿ ಎಳೆದರೆ ಧೂಳೆಲ್ಲ ಕವರಿನೊಳಗೇ ಬೀಳುತ್ತದೆ. ಸ್ಟೂಲು ಹತ್ತುವವರು ಯಾರು ಅನ್ನುವುದೇ ಪ್ರಶ್ನೆ.

“ನಮ್ಮ ಕಾಲದಲ್ಲಿ ಬೆಂಗಳೂರಿಗೆ ಫ್ಯಾನೇ ಬೇಕಿರಲಿಲ್ಲ” ಎಂದು ಹಿರಿಯರು ಶುರುಮಾಡುವುದು ಇದೇ ಹೊತ್ತಿಗೆ. ಬೇಕಿರಲಿಲ್ಲ, ನಿಜ. ಈ ಊರಿನ ದಾಖಲೆಯ ಚಳಿ 7.8 ಡಿಗ್ರಿ, ಬಿದ್ದದ್ದು 1884ರ ಜನವರಿಯಲ್ಲಿ. ಶಿವನಸಮುದ್ರದ ಕರೆಂಟು ಬೆಂಗಳೂರಿಗೆ ಬಂದದ್ದು 1905ರಲ್ಲಿ. ಆ ಚಳಿಗೆ ನಡುಗಿದವರಿಗೆ ಫ್ಯಾನ್ ಬೇಕೆನಿಸಿದ್ದರೂ ಹಾಕಿಕೊಳ್ಳಲು ಸ್ವಿಚ್ಚೇ ಇರಲಿಲ್ಲ!

ನಮ್ಮ ಮನೆಯಲ್ಲಿ ನನಗೆ ಸೆಕೆ, ಇವಳಿಗೆ ಚಳಿ. ರೆಗ್ಯುಲೇಟರಿನ ಹತ್ತಿರ ಸಂಧಾನ ನಡೆದು ಕೊನೆಗೆ ಫ್ಯಾನ್ ಒಂದರಲ್ಲಿ, ಮೇಲೆ ರಗ್ಗು ಎಂದಾಯಿತು. ಒಂದರಲ್ಲಿ ಇಟ್ಟರೆ ಗಾಳಿ ಬರುವುದಿಲ್ಲ, ಸದ್ದು ಮಾತ್ರ ಬರುತ್ತದೆ.

“ಎರಡಕ್ಕೆ ಇಡಲಾ?” ಎಂದೆ.

“ಯುಗಾದಿಗೆ ಮನೆ ತೊಳೀಬೇಕಲ್ಲ, ಆಗ ಫ್ಯಾನ್ ಒರೆಸಿ, ಆಮೇಲೆ ಐದಕ್ಕೇ ಇಟ್ಕೊಳ್ಳಿ” ಅಂದಳು. ಸ್ಟೂಲು ಹತ್ತುವವರು ಯಾರು ಅನ್ನುವುದೂ ಅಲ್ಲಿಗೆ ತೀರ್ಮಾನವಾಯಿತು.